ಬಾನಿಯ ತಳ ಕಂಡ ಗಾಳೆವ್ವ

ಹಳ್ಳಕ್ಕೆ ಇನ್ನೂ ಸೇತುವೆ ಬಿದ್ದಿರಲಿಲ್ಲ, ಹಾದಿಗೆ ಇನ್ನೂ ಕಲ್ಲು ಬಿದ್ದಿರಲಿಲ್ಲ. ಅಷ್ಟು ಹಿಂದಿನ ಕಾಲದಲ್ಲಿ ಒಂದು ಊರಿತ್ತು. ಊರಿಗೆ ಹೆಸರೂ ಇತ್ತು, ಆದರೆ ಸುತ್ತಲಿನವರು ಆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೆಂಪು ಜೋಡಿನ ಊರು ಅಂತಲೇ ಅನ್ನುತ್ತಿದ್ದರು. ಹಳ್ಳದ ದಂಡೆಯ ಮೇಲೆ ತೊಗಲು ಹದ ಮಾಡುವವರ ಓಣಿ, ಹನ್ನೊಂದು ಮನೆ. ಸುತ್ತಿನ ಏಳೂರಲ್ಲಿ ಯಾರ ಮನೆ ಮುಂದೆ ಹಂದರ ಏಳಲಿ, ಮದುಮಕ್ಕಳ ಕಾಲಿಗೆ ಆ ಓಣಿಯ ಕೆಂಪು ಜೋಡೇ ಬೇಕು. ಅದು ಬಾರದೆ ಅವರ ತಲೆಗೆ ಅಕ್ಕಿಕಾಳು ಬೀಳುತ್ತಿರಲಿಲ್ಲ ಅಂತ ಹೇಳುತ್ತಾರೆ.

ಎಂಥ ಕೆಂಪು ಅಂತೀರಿ? ಹೋರಿ ಕಂಡರೆ ಹಾಯಲು ಬರುತ್ತಿತ್ತಂತೆ. ಗಿಳಿ ಕಂಡರೆ ಹಣ್ಣೆಂದು ಕುಕ್ಕುತ್ತಿತ್ತಂತೆ.

ಆ ಕೆಂಪು ಹುಟ್ಟುತ್ತಿದ್ದದ್ದು ಒಂದೇ ಒಂದು ಬಾನಿಯಲ್ಲಿ. ಓಣಿಯ ನಡುವೆ, ಕುತ್ತಿಗೆವರೆಗೆ ನೆಲದಲ್ಲಿ ಹೂತ ಮಣ್ಣಿನ ಬಾನಿ. ಅದರಲ್ಲಿ ಆನೆ ಮರಿ ಮುಳುಗುತ್ತಿತ್ತು ಅಂತಾರೆ. ಆನೆಯನ್ನು ಯಾರು ಮುಳುಗಿಸಿ ನೋಡಿದ್ದರೋ ಗೊತ್ತಿಲ್ಲ. ಪತಂಗದ ಮರದ ಚಕ್ಕೆ ಕುದಿಸಿದ ನೀರು ಸುರಿಯುವುದು, ಒಂದಿಷ್ಟು ಪಟಿಕದ ಪುಡಿ ಬೆರೆಸುವುದು, ಹದವಾದ ತೊಗಲನ್ನು ಮೂರು ದಿನ ಮುಳುಗಿಸಿಡುವುದು. ಅಷ್ಟೇ ಕೆಲಸ. ಆದರೆ ಬಾನಿಯನ್ನು ಎಂದೂ ಬರಿದು ಮಾಡುವಂತಿರಲಿಲ್ಲ. ತಳದಲ್ಲಿ ಉಳಿದದ್ದಕ್ಕೆ ತಾಯಿಬಣ್ಣ ಅಂತ ಹೆಸರು. ಅಜ್ಜನ ಅಜ್ಜ ಸುರಿದ ಬಣ್ಣದ ಮೇಲೆ ಅಪ್ಪ ಸುರಿಯಬೇಕು, ಅಪ್ಪನದರ ಮೇಲೆ ಮಗ ಸುರಿಯಬೇಕು. ಬಾನಿಯ ತಳ ಕಂಡರೆ ವಂಶದ ತಳ ಕಂಡ ಹಾಗೆ ಅಂತ ಓಣಿಯ ನಂಬಿಕೆ. ಅದನ್ನು ಕಾಯುವ ಹಕ್ಕು ಭರಮಪ್ಪನ ಮನೆಯದು.

ಆ ಮನೆಗೆ ಗಾಳೆವ್ವ ಸೊಸೆಯಾಗಿ ಬಂದಳು. ಎರಡು ಹೊಳೆ ಆಚೆಯ ಹುಡುಗಿ. ಬಡಕಲು ಮೈ, ದೊಡ್ಡ ಕಣ್ಣು, ಹಿಡಿದರೆ ಉಡದ ಹಿಡಿತ. ಹೊಸ ಸೊಸೆ ಬಂದಾಗ ಮೊದಲ ತೊಗಲನ್ನು ಅವಳ ಕೈಯಿಂದ ಅದ್ದಿಸುವುದು ಪದ್ಧತಿ. ಗಾಳೆವ್ವ ಅದ್ದಿದಳು. ಮೂರು ದಿನಕ್ಕೆ ಎತ್ತಿದರೆ ತೊಗಲು ಕೆಂಪಾಗಿರಲಿಲ್ಲ. ಕೊಳೆತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಮಾವ ಭರಮಪ್ಪ ಚಕ್ಕೆ ಮಾರುವವನನ್ನು ಬೈದು ಹೊಸ ಚಕ್ಕೆ ತರಿಸಿದ. ಗಾಳೆವ್ವ ಮತ್ತೆ ಅದ್ದಿದಳು. ಈ ಸಲ ನೇರಳೆ ಹೋಗಿ ಕಾಡಿಗೆಯಾಯಿತು. ಮೂರನೆಯ ಸಲ ಎತ್ತಿ ಹಾಸಿದಾಗ ಕಾಗೆಯೊಂದು ಬಂದು ತನ್ನ ಬಳಗ ಅಂತ ಪಕ್ಕದಲ್ಲಿ ಕೂತಿತಂತೆ.

ಮದುವೆ ತಿಂಗಳು ಎದುರಿಗೇ ಇತ್ತು. ಕರಿ ಜೋಡು ಮೆಟ್ಟಿ ಯಾರು ಹಂದರ ಹೊಗುತ್ತಾರೆ? ಓಣಿಯಲ್ಲಿ ಮಾತು ಹುಟ್ಟಿತು, ಹುಟ್ಟಿದ ಮಾತಿಗೆ ಕಾಲು ಬಂತು. ಚಕ್ಕೆ ಅದೇ, ಹಳ್ಳದ ನೀರು ಅದೇ, ಬಾನಿ ಅದೇ. ಹೊಸದಾಗಿ ಬಂದದ್ದು ಸೊಸೆಯ ಕೈ ಒಂದೇ. ಪಕ್ಕದ ಮನೆಯ ಯಮನವ್ವನ ನಾಲಿಗೆಗೆ ಎಲುಬಿರಲಿಲ್ಲ. ಗಾಳೆವ್ವನ ಅತ್ತೆ ಸಂಕವ್ವನನ್ನು ಕರೆದು, "ಏನಬೇ ಸಂಕವ್ವಾ, ನಿನ್ನ ಸೊಸಿ ಹಾಲಿಗೆ ಹೆಪ್ಪು ಹಾಕಿದ್ರ ಮೊಸರಾಗತೈತೋ ಮಸಿ ಆಗತೈತೋ, ಒಮ್ಮಿ ನೋಡು" ಅಂದಳಂತೆ.

ಸಂಕವ್ವ ಕೆಟ್ಟವಳಲ್ಲ, ಹೆದರಿದವಳು. ಅಮಾವಾಸ್ಯೆ ಕಳೆದ ಮೇಲೆ ಗಂಡನ ಜೊತೆ ತವರಿಗೆ ಹೋಗು ಅಂತ ಸೊಸೆಗೆ ಹೇಳಿದಳು. ಮರಳಿ ಯಾವಾಗ ಬರಬೇಕು ಅನ್ನುವುದನ್ನು ಹೇಳಲಿಲ್ಲ. ಗಾಳೆವ್ವನಿಗೆ ತಿಳಿಯಿತು. ಕೈಗುಣ ಕೆಟ್ಟವಳೆಂದು ಹೊರಬಿದ್ದ ಹೆಣ್ಣಿಗೆ ತವರಿನಲ್ಲೂ ಹಿಟ್ಟು ಮುಟ್ಟಗೊಡುವುದಿಲ್ಲ, ಕೂಸು ಎತ್ತಗೊಡುವುದಿಲ್ಲ. ಬದುಕಿದಷ್ಟು ದಿನ ಕೈ ಕಟ್ಟಿಕೊಂಡು ಮೂಲೆಯಲ್ಲಿ ಕೂರಬೇಕು.

ಅವಳು ಅಳಲಿಲ್ಲ ಅಂತ ಹೇಳುತ್ತಾರೆ. "ಹೋಗಂದ್ರ ಹೋಗತೀನಿ ಅತ್ತಿ. ಯಾಕ ಹೋಗಾಕತ್ತೀನಿ ಅನ್ನೂದನ್ನ ತಿಳಕೊಂಡು ಹೋಗತೀನಿ. ಅಮಾಸಿ ತನಕ ನಾ ಬಾನಿ ಮುಟ್ಟಂಗಿಲ್ಲ. ನನಗೊಂದಿಷ್ಟು ಕುಡಿಕಿ ಕೊಡ್ರಿ, ತೊಗಲಿನ ಚೂರು ಕೊಡ್ರಿ, ಸಾಕು."

ಎಷ್ಟು ಕುಡಿಕೆ? ಓಣಿಯವರನ್ನು ಕೇಳಿದರೆ ಹನ್ನೆರಡು ಅಂತಾರೆ. ಕುಂಬಾರರನ್ನು ಕೇಳಿದರೆ ನೂರೊಂದು ಅಂತಾರೆ. ಗಾಳೆವ್ವ ಅವನ್ನು ಅಂಗಳದಲ್ಲಿ ಸಾಲಾಗಿ ಇಟ್ಟಳು. ಮೊದಲ ಕುಡಿಕೆಯಲ್ಲಿ ಅದೇ ಚಕ್ಕೆ, ಅದೇ ಪಟಿಕ, ಅದೇ ಹಳ್ಳದ ನೀರು, ತನ್ನದೇ ಕೈ. ಅಂಗೈಯಗಲ ಚೂರನ್ನು ಅದ್ದಿ ತೆಗೆದಳು. ಕೆಂಪು! ಮದುವೆಯ ಕೆಂಪು!

ಅತ್ತೆಗೆ ತೋರಿಸಿದಳು. ಅತ್ತೆ ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಯಮನವ್ವ, "ಚೂರಿಗೆ ಕೈಗುಣ ಹತ್ತಂಗಿಲ್ಲ ಬೇ, ಇಡೀ ತೊಗಲಿಗೆ ಹತ್ತತೈತಿ" ಅಂದಳು.

ಇರಲಿ ಅಂತ ಗಾಳೆವ್ವ ಮತ್ತೆ ಕೂತಳು. ಒಂದು ಸಲಕ್ಕೆ ಒಂದೇ ಬದಲು, ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದು ಅಂತ ತಿಳಿಯುವುದಿಲ್ಲ. ಒಂದು ಕುಡಿಕೆಗೆ ಚಿಟಿಕೆ ಸುಣ್ಣ ಹಾಕಿದಳು. ಕೂದಲು ತೆಗೆಯಲು ಹಚ್ಚಿದ ಸುಣ್ಣ ತೊಗಲಲ್ಲಿ ಉಳಿದುಬಿಟ್ಟಿದೆಯೋ ಏನೋ. ಚೂರು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಬದನೆ ಸರಿ, ಕಾಗೆ ಅಲ್ಲ. ಇನ್ನೊಂದಕ್ಕೆ ಹುಣಸೆ ರಸ ಹಿಂಡಿದಳು. ಬಣ್ಣ ಅರಿಶಿಣದ ಕಡೆ ಜಾರಿತು. ಅದೂ ಕಾಗೆ ಅಲ್ಲ. ಹಳೇ ಚಕ್ಕೆ, ಹೊಸ ಚಕ್ಕೆ, ಕೊಳ್ಳದ ನೀರು, ಬಾವಿಯ ನೀರು, ಆಡಿನ ತೊಗಲು, ಕರುವಿನ ತೊಗಲು. ಬಣ್ಣ ಮುನಿಯಿತು, ನಕ್ಕಿತು, ಮಂಕಾಯಿತು. ಕಪ್ಪಾಗಲೇ ಇಲ್ಲ. ದಿನಗಳು ಮಾತ್ರ ಸರಸರನೆ ಸರಿದವು.

ಆಮೇಲೆ ಅವಳು ಗಂಡ ದ್ಯಾಮಣ್ಣನನ್ನು ಕರೆದಳು. ದ್ಯಾಮಣ್ಣ ವರ್ಷಕ್ಕೆ ನಾಲ್ಕು ಮಾತಾಡುವವ, ಅದರಲ್ಲಿ ಮೂರು ಎತ್ತಿಗೆ. ಬಾನಿಯಿಂದ ಒಂದು ಸೋರೆಬುರುಡೆ ಬಣ್ಣ ಮೊಗೆದು ಕುಡಿಕೆಗೆ ಸುರಿ, ನೀನೇ ಚೂರು ಅದ್ದು, ನಾನು ದೂರ ನಿಲ್ಲುತ್ತೇನೆ ಅಂದಳು. ಅವನು ಅದ್ದಿದ. ಚೂರು ಕರ್ರಗೆ ಮೇಲೆ ಬಂತು.

"ಅತ್ತಿ, ನಿನ್ನ ಮಗನ ಕೈಗುಣಾನೂ ಕೆಟ್ಟತೇನು?" ಅಂದಳು ಗಾಳೆವ್ವ.

ಸಂಕವ್ವ ಆ ಕರಿ ಚೂರನ್ನು ತಿರುವಿ ತಿರುವಿ ನೋಡಿದಳು. ಕಪ್ಪು ಬಾನಿಯಲ್ಲಿದೆ, ಅಷ್ಟು ಗೊತ್ತಾಯಿತು. ಆದರೆ ಬಾನಿಯಲ್ಲಿ ಏನಿದೆ?

ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಒಣಗಲು ಹಾಕಿದ ಚೂರುಗಳು ಹಾರತೊಡಗಿದವು. ಗಾಳೆವ್ವ ಕೈಗೆ ಸಿಕ್ಕಿದ್ದನ್ನು ಅವುಗಳ ಮೇಲೆ ಹೇರಿದಳು. ಒಂದರ ಮೇಲೆ ಕಲ್ಲು, ಒಂದರ ಮೇಲೆ ಒರಳಿನ ಗುಂಡು, ಇನ್ನೂ ಹಸಿಯಿದ್ದ ಒಂದರ ಮೇಲೆ ತೊಗಲು ಕೊಯ್ಯುವ ರಂಪಿಗೆ. ರೊಟ್ಟಿ ತಿಂದು ಬಂದು ಎತ್ತಿ ನೋಡಿದರೆ, ಕೆಂಪು ಚೂರಿನ ಮೇಲೆ ರಂಪಿಗೆಯ ಬಾಯಿ ಹೇಗಿತ್ತೋ ಹಾಗೇ ಕಪ್ಪು ಅಚ್ಚು. ಕಲ್ಲಿನ ಕೆಳಗೆ ಕೆಂಪು. ಗುಂಡಿನ ಕೆಳಗೆ ಕೆಂಪು. ಕಬ್ಬಿಣದ ಕೆಳಗೆ ಕಾಗೆ.

ಅವಳು ಒಂದು ಕುಡಿಕೆಗೆ ತುಕ್ಕು ಹಿಡಿದ ಮೊಳೆ ಹಾಕಿ ನೋಡಿದಳು. ಇನ್ನೊಂದಕ್ಕೆ ಹಾಕದೆ ನೋಡಿದಳು. ಮೂರು ಸಲ ನೋಡಿದಳು. ಮೂರು ಸಲವೂ ಅದೇ.

ಓಣಿಯನ್ನೆಲ್ಲ ಕರೆದು ಕೇಳಿದಳು: ಬಾನಿಯೊಳಗೆ ಯಾರಾದರೂ ಕಬ್ಬಿಣ ಹಾಕಿದ್ದೀರಾ? ಮಣ್ಣಿನ ಬಾನಿ, ಸೋರೆಬುರುಡೆಯಲ್ಲಿ ಮೊಗೆಯುವುದು, ಕಟ್ಟಿಗೆಯಲ್ಲಿ ತಿರುವುವುದು, ಕಬ್ಬಿಣ ಎಲ್ಲಿಂದ ಬಂತು ಅಂತ ಭರಮಪ್ಪ ಗದರಿದ. ಉಳಿದವರೂ ಇಲ್ಲ ಅಂದರು. ಇಲ್ಲ ಅಂದವರೆಲ್ಲ ನೆಲ ನೋಡಿದರು.

"ಹಂಗಾರ ತಳಾ ನೋಡೂಣು ಮಾವ."

ಭರಮಪ್ಪ ಬಾನಿಗೆ ಅಡ್ಡ ನಿಂತ. ಅವನ ಅಜ್ಜ ಕಾಣದ್ದನ್ನು, ಅಪ್ಪ ಕಾಣದ್ದನ್ನು ನಿನ್ನೆ ಮೊನ್ನೆ ಬಂದವಳು ಕಾಣುವುದೇ? ವಂಶ ಮುರಿಯುತ್ತದೆ ಅಂದ. ಗಾಳೆವ್ವ ಸೆರಗು ಬಿಗಿದು ಕಟ್ಟಿದಳು. "ಸೊಸೀನ ಹೊರಗ ಹಾಕಿದ ಮನೀಗೆ ವಂಶ ಎಲ್ಲಿಂದ ಬೆಳೀತೈತಿ ಮಾವ? ತಳದಾಗ ಏನೂ ಇರಲಿಲ್ಲಂದ್ರ ಅಮಾಸಿ ತನಕ ಕಾಯಂಗಿಲ್ಲ. ಉಟ್ಟ ಸೀರೀಲೆ ಹೊಳಿ ದಾಟತೀನಿ, ಹೊಳ್ಳಿ ಮಾರಿ ತೋರ್ಸಂಗಿಲ್ಲ."

ಮಾತು ಮುಗಿಸಿ ಬುರುಡೆ ಎತ್ತಿಕೊಂಡಳು. ಭರಮಪ್ಪ ಅಡ್ಡದಿಂದ ಸರಿದನೋ, ಅವಳೇ ಸರಿಸಿದಳೋ, ಇಲ್ಲಿ ಹೇಳುವವರಲ್ಲಿ ಎರಡು ಪಂಗಡ.

ಬೆಳಗಿನಿಂದ ಮೊಗೆದಳು. ಪಾಪದ ಕೆಲಸಕ್ಕೆ ಯಾರೂ ಕೈ ಹಚ್ಚಲಿಲ್ಲ, ದೂರ ನಿಂತು ನೋಡಿದರು. ಮೊಗೆದು ಚೆಲ್ಲಿದಳು, ಮೊಗೆದು ಚೆಲ್ಲಿದಳು. ಹಳ್ಳದ ನೀರು ಕರ್ರಗಾಗಿ ಕೆಳಗಿನ ಊರಿನ ಎಮ್ಮೆಗಳು ಎರಡು ಹಗಲು ನೀರು ಮುಟ್ಟಲಿಲ್ಲ ಅಂತಾರೆ. ಹೊತ್ತು ನೆತ್ತಿಗೆ ಬಂದಾಗ ಅವಳ ರಟ್ಟೆ ಸೋತು ಬುರುಡೆ ಅರ್ಧ ತುಂಬಿ ಅರ್ಧ ಚೆಲ್ಲುತ್ತಿತ್ತು. ಆಗ ದ್ಯಾಮಣ್ಣ ಬಂದ. ಇನ್ನೊಂದು ಬುರುಡೆ ಹಿಡಿದು ಎದುರಿಗೆ ನಿಂತು ಮೊಗೆಯತೊಡಗಿದ. ಆ ವರ್ಷ ಅವನು ಆಡಿದ ದೊಡ್ಡ ಮಾತು ಅದೇ.

ಬಿಸಿಲು ಇಳಿಯುವಾಗ ಬುರುಡೆ ತಳಕ್ಕೆ ತಾಗಿ ಖಣ್ ಅಂದಿತು. ಗಾಳೆವ್ವ ಬಾನಿಯೊಳಗೆ ಇಳಿದಳು. ರಾಡಿಯಲ್ಲಿ ಕೈಯಾಡಿಸಿ ಒಂದೊಂದನ್ನೇ ಎತ್ತಿ ದಂಡೆಗೆ ಇಟ್ಟಳು. ಕುದುರೆ ಲಾಳದ ಮೊಳೆ. ಇಡೀ ಲಾಳ. ಮುರಿದ ಕುಡುಗೋಲು. ನೊಗದ ಕೊಂಡಿ. ಕೀಲು, ಸರಪಳಿಯ ತುಂಡು, ಹಿಡಿಯಿಲ್ಲದ ಈಳಿಗೆ. ಎಲ್ಲವೂ ತುಕ್ಕು ತಿಂದು ಅರ್ಧವಾಗಿದ್ದವು. ಎಣಿಸಿದರೆ ಹನ್ನೊಂದು ಮನೆಗೂ ಪಾಲು ಹಂಚಬಹುದಿತ್ತು.

ಮೊದಲು ಮುಂದೆ ಬಂದವಳು ಸಂಕವ್ವ. ಆ ಸಣ್ಣ ಮೊಳೆಯನ್ನು ಎತ್ತಿಕೊಂಡಳು. "ಇದು ನಂದವ್ವಾ. ನೀ ಹೊಸ್ತಿಲಾ ದಾಟಿದ ದಿನಾನ ಹಾಕೇನಿ. ಮಂದಿ ಕಣ್ಣು ನಿನಗ ತಾಗಬಾರದಂತ."

ಕಬ್ಬಿಣ ದೃಷ್ಟಿ ತಡೆಯುತ್ತದೆ ಅನ್ನುವುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಹಾಕಿದ್ದನ್ನು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೋಗುತ್ತದೆ ಅನ್ನುವುದೂ ಗೊತ್ತು. ಅದಕ್ಕೇ ಅತ್ತೆ ಸುಮ್ಮನಿದ್ದಳು. ಮೊದಲ ತೊಗಲು ಮಂಕಾದಾಗ, ಯಾರದೋ ಕಣ್ಣು ಬಿತ್ತು ಅಂತ ಭರಮಪ್ಪ ಯಾರಿಗೂ ಹೇಳದೆ ಲಾಳ ಬಿಟ್ಟಿದ್ದ. ಎರಡನೆಯದು ಕಪ್ಪಾದಾಗ ಆಚೆ ಮನೆಯವರು, ಈಚೆ ಮನೆಯವರು, ತಮ್ಮ ತಮ್ಮ ಮನೆಯಲ್ಲಿದ್ದದ್ದನ್ನು ಸೆರಗಿನಲ್ಲಿ ಮುಚ್ಚಿ ತಂದು ಹಾಕಿದ್ದರು. ಬಣ್ಣ ಕೆಟ್ಟಷ್ಟೂ ಕಬ್ಬಿಣ ಬಿತ್ತು. ಕಬ್ಬಿಣ ಬಿದ್ದಷ್ಟೂ ಬಣ್ಣ ಕೆಟ್ಟಿತು.

"ನೀನೂ ಹಾಕಿಯೇನ?" ಅಂತ ಭರಮಪ್ಪ ಮಗನನ್ನು ಕೇಳಿದ. ದ್ಯಾಮಣ್ಣ ಕೀಲಿನ ಕಡೆ ಬೆರಳು ತೋರಿಸಿದ.

ಎಲ್ಲರಿಗಿಂತ ಕೊನೆಗೆ ಯಮನವ್ವ ಬಂದು ಕುಡುಗೋಲು ಎತ್ತಿಕೊಂಡಳು. ಗಾಳೆವ್ವ ಬಾನಿಯೊಳಗಿಂದಲೇ ತಲೆಯೆತ್ತಿ, "ಚಿಗವ್ವಾ, ನೀನೂ?" ಅಂದಳು. "ಬಾಯಿಲೆ ಬೈದೇನಿ ಖರೆ," ಅಂದಳು ಯಮನವ್ವ, "ಮನಸಿನ್ಯಾಗ ನಿನಗ ಛಲೋ ಆಗಲಿ ಅಂತನ ಹಾಕೇನಿ. ಎಲ್ಲಾರಕಿಂತ ದೊಡ್ಡದು ನಂದ ಐತಿ ನೋಡು." ಓಣಿ ನಕ್ಕಿತು. ನಗು ಹಳ್ಳ ದಾಟಿ ಆಚೆ ದಂಡೆಗೆ ಕೇಳಿಸಿತಂತೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಬಾನಿಯನ್ನು ಹುಣಸೆಹುಳಿ ಹಾಕಿ, ಮರಳು ಹಾಕಿ ತಿಕ್ಕಿದರು. ಹೊಸ ಬಣ್ಣ ಸುರಿದರು. ಗಾಳೆವ್ವ ಹದವಾದ ತೊಗಲು ಅದ್ದಿದಳು. ಮೂರು ದಿನಕ್ಕೆ ಎತ್ತಿದರೆ ಕೆಂಪು ಬಂದಿತ್ತು, ಆದರೆ ಮೋಡ ಕವಿದ ಕೆಂಪು. ಇಷ್ಟು ಸಾಕು, ನಡೆಯುತ್ತದೆ ಅಂದರು ಉಳಿದವರು. ಅವಳು ಒಪ್ಪಲಿಲ್ಲ. ಬಾನಿಯ ಮಣ್ಣು ತುಕ್ಕು ಕುಡಿದಿದೆ, ಕಕ್ಕಲಿ ಅಂತ ಮತ್ತೆ ಬರಿದು ಮಾಡಿಸಿದಳು, ಮತ್ತೆ ತಿಕ್ಕಿದಳು. ಮತ್ತೆ ಅದ್ದಿದಳು. ಮತ್ತೆ ಚೆಲ್ಲಿದಳು. ಇದರ ನಡುವೆ ಅಮಾವಾಸ್ಯೆ ಬಂದು ಹೋಯಿತು. ತವರಿಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಮೂರನೆಯ ಸಲ ತೊಗಲು ಎತ್ತಿದಾಗ ಅದರ ಕೆಂಪು ಅವಳ ಮೊಣಕೈವರೆಗೆ ಇಳಿಯಿತು. ಗಿಳಿ ಬಂದು ಕುಕ್ಕಿತು ಅಂತಾರೆ. ಆ ವರ್ಷ ಏಳೂರ ಮದುವೆಗಳೂ ನಡೆದವು.

ಸಂಕವ್ವ ಸೊಸೆಯ ಕೈ ಹಿಡಿದುಕೊಂಡು, ನಿನ್ನ ಕೈಗುಣ ಬಂಗಾರದ್ದು ಅಂದಳು. ಗಾಳೆವ್ವ ಕೈ ಬಿಡಿಸಿಕೊಂಡಳಂತೆ. "ಕೈಗುಣ ಅಲ್ಲತ್ತಿ. ತಳಾ ತಿಕ್ಕೇನಿ."

ಮುಂದೆ ಅವಳ ಹೆಸರು ಹೊಳೆ ದಾಟಿತು. ಬಣ್ಣ ಕೆಟ್ಟವರು ದೂರದೂರದಿಂದ ತೊಗಲು ಹೊತ್ತು ಬರುತ್ತಿದ್ದರು. ಅವಳು ನೀರನ್ನು ನಾಲಿಗೆಗೆ ಮುಟ್ಟಿಸಿ ಸುಣ್ಣವೋ ಹುಳಿಯೋ ಕಬ್ಬಿಣವೋ ಹೇಳುತ್ತಿದ್ದಳು. ನೂರಾ ಎಂಟು ವರ್ಷ ಬದುಕಿದಳು ಅಂತಾರೆ. ಅವಳ ಮೊಮ್ಮಕ್ಕಳ ಮಕ್ಕಳಿಂದಲೇ ಓಣಿ ನಲವತ್ತು ಮನೆಯಾಯಿತು ಅಂತಾರೆ. ವಂಶದ ಮಾತು ಹೇಳಿದ್ದ ಭರಮಪ್ಪ ಅದನ್ನು ನೋಡಲು ಇರಲಿಲ್ಲ.

ಈಗಲೂ ಆ ಓಣಿಯಲ್ಲಿ ಮದುವೆ ತಿಂಗಳಿಗೆ ಮೊದಲು ಬಾನಿಯನ್ನು ಪೂರ್ತಿ ಬರಿದು ಮಾಡುತ್ತಾರೆ. ಎಲ್ಲರಿಗಿಂತ ಹೊಸದಾಗಿ ಬಂದ ಸೊಸೆಯೇ ಒಳಗೆ ಇಳಿದು ತಳ ನೋಡಬೇಕು. ಅವಳು ಇಳಿಯುವ ಮೊದಲು ಮನೆಮಂದಿ ಬೀಗದ ಕೈ, ಸೂಜಿ, ರಂಪಿಗೆ, ಉಡಿಯಲ್ಲಿದ್ದದ್ದನ್ನೆಲ್ಲ ತೆಗೆದು ದೂರದ ಕಂಬಳಿಯ ಮೇಲೆ ಇಡುತ್ತಾರೆ, ಯಾರು ಏನಿಟ್ಟರು ಅಂತ ಗಟ್ಟಿಯಾಗಿ ಹೇಳಿಯೇ ಇಡುತ್ತಾರೆ. ಇಡೀ ತೊಗಲು ಅದ್ದುವ ಮುಂಚೆ ಅಂಗೈಯಗಲದ ಒಂದು ಚೂರು ಅದ್ದುತ್ತಾರೆ. ಅದಕ್ಕೆ ಗಾಳೆವ್ವನ ಚೂರು ಅಂತ ಹೆಸರು. ಏಳೂರಲ್ಲಿ ಯಾರ ಮನೆಯಲ್ಲಿ ಹಾಲು ಒಡೆಯಲಿ, ಎತ್ತು ಕುಂಟಲಿ, ಹೊಸ ಸೊಸೆಯ ಕಾಲ್ಗುಣ ಕೈಗುಣ ಅಂತ ಯಾರಾದರೂ ಬಾಯಿ ತೆರೆದರೆ, ಅಲ್ಲಿದ್ದ ಮುದುಕಿಯೊಬ್ಬಳು ಎಲೆಯಡಿಕೆ ಉಗುಳಿ ಒಂದೇ ಮಾತು ಕೇಳುತ್ತಾಳೆ:

"ಬಾನಿ ತಳಾ ನೋಡೀರೇನು?"