ಬೆನ್ನ ಹಿಂದಿನ ಕ್ಲಿಪ್ಪು

ಫೋಟೋ ಸ್ಟುಡಿಯೋದಲ್ಲಿ ರೂಪದರ್ಶಿ ತನುಜಾಳ ಕಪ್ಪು ಗೌನು ಮುಂದಿನಿಂದ ಮೈಗಂಟಿ ಕಾಣಲೆಂದು, ಹಿಂದೆ ಅದನ್ನು ಬಿಗಿಯಾಗಿ ಎಳೆದು ಒಂದು ಕ್ಲಿಪ್ಪು ಹಾಕಿದ್ದರು. ಬಟ್ಟೆಯ ಜೊತೆ ಅವಳ ಬೆನ್ನಿನ ಚರ್ಮವೂ ತನ್ನ ಹಲ್ಲಿಗೆ ಸಿಕ್ಕಿದೆಯೆಂದು ಕ್ಲಿಪ್ಪಿಗೆ ಆಗಲೇ ಗೊತ್ತಾಗಿತ್ತು. ಹೇಳದೆ ಇರಲಾರದ ಸಂಕಟ ಅದಕ್ಕೆ. ಹೇಳೋಣವೆಂದರೆ, ಬಾಯಿ ಬಿಟ್ಟರೆ ಹಿಡಿತ ತಪ್ಪುತ್ತದೆ.

"ನೋಡಿದೆಯಾ ಆ ಮುಖದ ಗರ್ವ!" ಎಂದಿತು ಕಪ್ಪು-ಬಿಳುಪು ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾ. "ಬಣ್ಣ ತೆಗೆದುಬಿಟ್ಟರೆ ಹೆಣ್ಣಿನ ಒಳಗಿನ ಸತ್ಯ ಹೀಗೆ ಹೊರಗೆ ಬರುತ್ತದೆ."

"ಯಾರ ಹಂಗೂ ಇಲ್ಲದ ಹೆಣ್ಣು," ಎಂದು ದೀಪ ತಲೆದೂಗಿತು.

ಕ್ಲಿಪ್ಪಿಗೆ ತಡೆಯಲಾಗಲಿಲ್ಲ. "ಅದು ಗರ್ವವಲ್ಲ ಸ್ವಾಮಿ, ನೋವು! ಹಿಂದೆ ಬಂದು ನೋಡಿ, ಬೆನ್ನು ಕೆಂಪಾಗಿದೆ!" ಎಂದು ಕೂಗಿ ಟಪ್ಪನೆ ನೆಲಕ್ಕೆ ಬಿತ್ತು.

ಗೌನು ಸಡಿಲವಾಯಿತು. ತನುಜಾ ಉಸ್ಸೆಂದು ಉಸಿರು ಬಿಟ್ಟು, ಬೆನ್ನು ಉಜ್ಜಿಕೊಳ್ಳುತ್ತಾ ನಕ್ಕುಬಿಟ್ಟಳು.

"ಕೆಂಪು ನನ್ನ ಕಣ್ಣಿಗೆ ಕಾಣುವುದಿಲ್ಲ," ಎಂದಿತು ಕ್ಯಾಮೆರಾ. "ಕಾಣುತ್ತಿದ್ದ ಸತ್ಯವನ್ನೂ ನೀನು ಹಾಳು ಮಾಡಿದೆ."

ಛಾಯಾಗ್ರಾಹಕ ಕ್ಲಿಪ್ಪನ್ನು ಎತ್ತಿ ಮತ್ತೆ ಅಲ್ಲೇ ಕಚ್ಚಿಸಿದ. ಜಾರದಿರಲೆಂದು ಪಕ್ಕದಲ್ಲಿ ಇನ್ನೊಂದನ್ನೂ ಹಾಕಿದ. ತನುಜಾಳ ನಗು ನಿಂತಿತು.

"ಆಹಾ," ಎಂದಿತು ಕ್ಯಾಮೆರಾ, "ಗರ್ವ ಈಗ ಮೊದಲಿಗಿಂತ ಹೆಚ್ಚಾಗಿದೆ."