ಕೆಂಚನ ನಾಲ್ಕನೇ ಪ್ಲಗ್ಗು

ಕತೆ ಕೇಳುವವರು ಹ್ಞೂಂ ಅನ್ನಬೇಕು. ಹ್ಞೂಂ ಅನ್ನದಿದ್ದರೆ ಕತೆ ನಡುದಾರಿಯಲ್ಲಿ ನಿಂತುಬಿಡುತ್ತದೆ, ಕೆಂಚನ ಹಾಗೆ.

ಕೆಂಚ ಯಾರು? ಎತ್ತಲ್ಲ. ಹೋರಿಯಲ್ಲ. ಕೆಂಚ ಒಂದು ಪಿಕಪ್ ಗಾಡಿ. ಮೈ ಕೆಂಪು. ವಯಸ್ಸು ಬಹಳ. ಹೂವಿನಕೊಪ್ಪಲಿನ ದುಂಡಕ್ಕನ ಗಾಡಿ ಅದು.

ಒಂದು ಬೆಳಗ್ಗೆ ದುಂಡಕ್ಕ ಬುಟ್ಟಿ ತುಂಬ ಮಲ್ಲಿಗೆ ಮೊಗ್ಗು ಕಿತ್ತಳು. ಒದ್ದೆ ಬಟ್ಟೆ ಹೊದಿಸಿದಳು. ಕೆಂಚನೊಳಗೆ ಇಟ್ಟಳು.

ಯಾರಿಗೆ ಮೊಗ್ಗು? ಪೇಟೆಯಲ್ಲಿರುವ ತಂಗಿ ಮಗಳು ಅಂಬುಜಿಗೆ. ಅಂಬುಜಿ ದೇವರಿಗೆ ಮುಡಿ ಕೊಟ್ಟಿದ್ದಳು. ತಲೆ ನುಣ್ಣಗಾಗಿತ್ತು. ಈಗ ಕೂದಲು ಬೆಳೆದಿದೆ. ಇವತ್ತು ಸಂಜೆ ಅವಳಿಗೆ ಮೊಗ್ಗಿನ ಜಡೆ. ಹುಟ್ಟಿದ ಮೇಲೆ ಇದೇ ಮೊದಲನೇ ಮೊಗ್ಗಿನ ಜಡೆ! ತಲೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲಲ್ಲೇ ಕೂತಿದ್ದಾಳೆ. “ದೊಡ್ಡಮ್ಮ ಬಂತಾ? ದೊಡ್ಡಮ್ಮ ಬಂತಾ?”

ಮೊಗ್ಗಿನ ಜಡೆಗೆ ಮೊಗ್ಗೇ ಬೇಕು. ಅರಳಿದ ಹೂ ಆಗುವುದಿಲ್ಲ.

ದುಂಡಕ್ಕ ಕೀಲಿ ತಿರುಗಿಸಿದಳು. ಕೆಂಚ ಕೆಮ್ಮಿದ. ಕೊಕ್! ಕೊಕ್! ಕೊಕ್!

“ಪ್ಲಗ್ಗು ಹೋಗೈತೆ” ಅಂದಳು ದುಂಡಕ್ಕ. ಪ್ಲಗ್ಗು ಕಿಡಿ ಹಾರಿಸಿದರೆ ತಾನೇ ಇಂಜಿನ್ನು ಏಳುವುದು? ಕೆಂಚನಿಗೆ ನಾಲ್ಕು ಪ್ಲಗ್ಗು. ಹೊಸವು ನಾಲ್ಕೂ ಮನೆಯಲ್ಲೇ ಇದ್ದವು. ಸ್ಪ್ಯಾನರ್ ಇತ್ತು. ದುಂಡಕ್ಕ ಇದ್ದಳು. ಇನ್ನೇನು ಬೇಕು?

ಪೂಜೆ ಬೇಕು! ಪೂಜೆ ಆಗದೆ ಹೊಸ ಸಾಮಾನು ಮುಟ್ಟುವವಳಲ್ಲ ದುಂಡಕ್ಕ. ತಟ್ಟೆಯಲ್ಲಿ ಪ್ಲಗ್ಗು ಇಟ್ಟಳು. ಪ್ಲಗ್ಗಿಗೆ ಕುಂಕುಮ ಇಟ್ಟಳು. ಪಕ್ಕದಲ್ಲಿ ಬೆಲ್ಲದ ಚೂರು ಇಟ್ಟಳು. ಕೈ ಮುಗಿದಳು.

ಒಂದು ಹಳೇದು ಬಿಚ್ಚಿದಳು, ಒಂದು ಹೊಸದು ಹಾಕಿದಳು. ಇನ್ನೊಂದು ಹಳೇದು ಬಿಚ್ಚಿದಳು, ಇನ್ನೊಂದು ಹೊಸದು ಹಾಕಿದಳು. ಮತ್ತೊಂದು ಹಳೇದು ಬಿಚ್ಚಿದಳು, ಮತ್ತೊಂದು ಹೊಸದು ಹಾಕಿದಳು. ಕೊನೇ ಹಳೇದನ್ನೂ ಬಿಚ್ಚಿದಳು. ಅದಂತೂ ಒಡೆದೇ ಹೋಗಿತ್ತು. ಅಂಗಳದಲ್ಲಿ ಬಿಸಾಡಿದರೆ ಯಾರ ಕಾಲಿಗಾದರೂ ಚುಚ್ಚೀತು ಅಂತ ಹಳೇವನ್ನೆಲ್ಲ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಕಿಣಿ ಕಿಣಿ.

ಹೊಸದಕ್ಕೆ ಕೈ ಚಾಚಿದಳು. ತಟ್ಟೆ ಖಾಲಿ!

ಬೆಲ್ಲಕ್ಕೆ ಕಾಗೆ ಬಂದಿತ್ತು. ಬೆಲ್ಲ ತಿಂದಿತ್ತು. ಹೊಳೆಯುವ ಪ್ಲಗ್ಗನ್ನೂ ಕಚ್ಚಿಕೊಂಡು ಹೊಂಗೆಮರದ ಗೂಡಿಗೆ ಹಾರಿತ್ತು.

ಬುಟ್ಟಿಯಲ್ಲಿ ಮೊಗ್ಗುಗಳು ಕೇಳಿದವು. “ದುಂಡಕ್ಕ, ದುಂಡಕ್ಕ, ಅರಳೋಣವೇ?”

“ತಾಳಿ ಮೊಗ್ಗುಗಳಾ, ತಾಳಿ!”

ದುಂಡಕ್ಕ ಮರದ ಕೆಳಗೆ ನಿಂತಳು. “ಕಾಗೆ, ಕಾಗೆ, ಪ್ಲಗ್ಗು ಕೊಡು. ಪ್ಲಗ್ಗು ಕೆಂಚನಿಗೆ, ಮೊಗ್ಗು ಅಂಬುಜಿಗೆ!”

“ಕೊಡಾಕಿಲ್ಲ” ಅಂತು ಕಾಗೆ. “ನನ್ನ ಮರಿ ಹಸಿದೈತೆ. ಪ್ಲಗ್ಗು ಕಚ್ಚಿ ನೋಡ್ತು. ಕೊಕ್ಕು ನೋವಂತೆ. ಮೆತ್ತನೆ ರೊಟ್ಟಿ ತಕ್ಕೊಂಬಾ, ಕೊಡ್ತೀನಿ.”

ದುಂಡಕ್ಕನ ಮನೆಯಲ್ಲಿ ರೊಟ್ಟಿ ಇರಲಿಲ್ಲವೇ? ಬೆಳಗ್ಗೆ ಇತ್ತು. ತಿಂದವಳು ದುಂಡಕ್ಕನೇ!

ಓಡಿದಳು ನಿಂಗಜ್ಜಿ ಮನೆಗೆ. ಕಿಣಿ ಕಿಣಿ, ಕಿಣಿ ಕಿಣಿ.

“ಅಜ್ಜಿ, ಅಜ್ಜಿ, ರೊಟ್ಟಿ ಕೊಡು. ರೊಟ್ಟಿ ಕಾಗೆಗೆ, ಪ್ಲಗ್ಗು ಕೆಂಚನಿಗೆ, ಮೊಗ್ಗು ಅಂಬುಜಿಗೆ!”

“ಎಲ್ಲಿಂದ ಕೊಡ್ಲವ್ವ?” ಅಂದಳು ನಿಂಗಜ್ಜಿ. ಡಬ್ಬ ಬಡಿದು ತೋರಿಸಿದಳು. ಡಬ ಡಬ. “ರಾಗಿಹಿಟ್ಟು ಚಿಟಿಕೆನೂ ಇಲ್ಲ. ಹಿಟ್ಟು ತಕ್ಕೊಂಬಾ, ತಟ್ಟಿ ಕೊಡ್ತೀನಿ.”

ಓಡಿದಳು ಹಿಟ್ಟಿನ ಗಿರಣಿಗೆ. ಕಿಣಿ ಕಿಣಿ, ಕಿಣಿ ಕಿಣಿ.

“ಮಾಯಿಗಣ್ಣ, ಮಾಯಿಗಣ್ಣ, ಹಿಟ್ಟು ಕೊಡು. ಹಿಟ್ಟು ಅಜ್ಜಿಗೆ, ರೊಟ್ಟಿ ಕಾಗೆಗೆ, ಪ್ಲಗ್ಗು ಕೆಂಚನಿಗೆ, ಮೊಗ್ಗು ಅಂಬುಜಿಗೆ!”

ಗಿರಣಿಯ ಮಾಯಿಗಣ್ಣ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದ. ಅಷ್ಟು ದೊಡ್ಡ ಮೀಸೆ, ಇಲಿ ಕಂಡರೆ ಭಯ! “ಮೂಟೆ ಹಿಂದೆಲ್ಲ ಇಲಿ ಕಣಕ್ಕ. ನಾ ಇಳಿಯಾಕಿಲ್ಲ. ಬೆಕ್ಕು ಕರ್ಕೊಂಬಾ, ಹಿಟ್ಟು ಕೊಡ್ತೀನಿ.”

ಓಡಿದಳು ಹಾಲಿನ ಡೈರಿಗೆ. ಕಿಣಿ ಕಿಣಿ, ಕಿಣಿ ಕಿಣಿ. ಡೈರಿ ಕಟ್ಟೆಯ ಮೇಲೆ ಬೆಕ್ಕು ಬಿದ್ದುಕೊಂಡಿತ್ತು.

“ಬೆಕ್ಕೇ, ಬೆಕ್ಕೇ, ಬಾರೇ. ಬೆಕ್ಕು ಗಿರಣಿಗೆ, ಹಿಟ್ಟು ಅಜ್ಜಿಗೆ, ರೊಟ್ಟಿ ಕಾಗೆಗೆ, ಪ್ಲಗ್ಗು ಕೆಂಚನಿಗೆ, ಮೊಗ್ಗು ಅಂಬುಜಿಗೆ!”

ಬೆಕ್ಕು ಒಂದೇ ಕಣ್ಣು ತೆರೆಯಿತು. “ಬರಾಕಿಲ್ಲ. ಹಾಲು ಕುಡಿದು ಕುಡಿದು ನಾಲಿಗೆ ಸಪ್ಪೆಯಾಗೈತೆ. ಮೀನು ತಕ್ಕೊಂಬಾ, ಬತ್ತೀನಿ.” ತೆರೆದ ಕಣ್ಣನ್ನೂ ಮುಚ್ಚಿಕೊಂಡಿತು. ಏನು ಜಂಬ!

ಬಿಸಿಲು ಏರಿತು. ಗಾಳಿಯಲ್ಲಿ ಮೊಗ್ಗುಗಳ ದನಿ ಬಂತು. “ದುಂಡಕ್ಕ, ದುಂಡಕ್ಕ, ಅರಳೋಣವೇ?”

“ತಾಳಿ ಮೊಗ್ಗುಗಳಾ, ತಾಳಿ!”

ಓಡಿದಳು ಕೆರೆಗೆ. ಕಿಣಿ ಕಿಣಿ, ಕಿಣಿ ಕಿಣಿ. ಕೆರೆಯಲ್ಲಿ ಗಂಗಣ್ಣ ಬಲೆ ಬೀಸುತ್ತಿದ್ದ.

“ಗಂಗಣ್ಣ, ಗಂಗಣ್ಣ, ಮೀನು ಕೊಡು. ಮೀನು ಬೆಕ್ಕಿಗೆ, ಬೆಕ್ಕು ಗಿರಣಿಗೆ, ಹಿಟ್ಟು ಅಜ್ಜಿಗೆ, ರೊಟ್ಟಿ ಕಾಗೆಗೆ, ಪ್ಲಗ್ಗು ಕೆಂಚನಿಗೆ, ಮೊಗ್ಗು ಅಂಬುಜಿಗೆ!”

“ಮೀನೆಲ್ಲೈತೆ ತಾಯಿ?” ಅಂದ ಗಂಗಣ್ಣ. “ಬಲೆ ಅಂಚಿನ ಗುಂಡು ಕಳಚಿ ಬಿದ್ದವೆ. ಬಲೆ ಮುಳುಗಾಕಿಲ್ಲ, ತೇಲ್ತದೆ. ಮೀನು ಅಡಿಯಲ್ಲಿ ನಗ್ತಾವೆ. ಭಾರದ್ದು ಏನಾದ್ರೂ ತಕ್ಕೊಂಬಾ, ಮೀನು ಕೊಡ್ತೀನಿ.”

ಭಾರದ್ದು ಎಲ್ಲಿಂದ ತರುವುದು? ಕೆರೆ ಆಚೆ ಊರಿಲ್ಲ. ಕೇಳಲು ಇನ್ನು ಯಾರೂ ಇಲ್ಲ. ದುಂಡಕ್ಕ ಏರಿಯ ಮೇಲೆ ಕುಸಿದು ಕೂತಳು. ಬಾಗಿಲಲ್ಲಿ ಕೂತ ಅಂಬುಜಿ ನೆನಪಾದಳು. ಅಳು ಬಂತು. ಕಣ್ಣೊರೆಸಲು ಸೆರಗೆತ್ತಿದಳು.

ಟಕ್! ಗಂಟು ಮೂಗಿಗೆ ಬಡಿಯಿತು.

“ಅಯ್ಯೋ ನನ್ನ ಮೂಗು!” ಅಂದಳು. ಗಂಟು ಮುಟ್ಟಿ ನೋಡಿದಳು. ಕಿಣಿ ಕಿಣಿ. “ಅಯ್ಯೋ ನನ್ನ ಬುದ್ಧಿ!” ಅಂದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ ಕಳ್ಳರಾ? ಹೇಳಬಾರದಿತ್ತೇ?

ದುಂಡಕ್ಕ ಗಂಟು ಬಿಚ್ಚಿದಳು. ಗಂಗಣ್ಣ ಹಳೇ ಪ್ಲಗ್ಗುಗಳನ್ನು ಬಲೆಯ ಅಂಚಿಗೆ ಕಟ್ಟಿದ. ಬಲೆ ಬೀಸಿದ. ಬುಳುಕ್! ಬಲೆ ಮುಳುಗಿತು. ನಗುತ್ತಿದ್ದ ಮೀನು ಸಿಕ್ಕಿಬಿತ್ತು.

ಹಳೇ ಪ್ಲಗ್ಗು ಬಲೆಗೆ ಹೋಯಿತು. ಗಂಗಣ್ಣ ಮೀನು ಕೊಟ್ಟ.

ಮೀನು ಬೆಕ್ಕಿಗೆ ಹೋಯಿತು. ಬೆಕ್ಕು ಎರಡೂ ಕಣ್ಣು ತೆರೆಯಿತು. ಮೀಸೆ ನೆಕ್ಕಿಕೊಂಡು ಹಿಂದೆಯೇ ಬಂತು.

ಬೆಕ್ಕು ಗಿರಣಿಗೆ ಹೋಯಿತು. “ಮ್ಯಾಂವ್!” ಅಂತು. ಇಲಿಗಳು ಬಿದ್ದೆನೋ ಎದ್ದೆನೋ ಅಂತ ಓಡಿದವು. ಮಾಯಿಗಣ್ಣ ಸ್ಟೂಲಿನಿಂದ ಇಳಿದ. ಹಿಟ್ಟು ಕೊಟ್ಟ.

ಹಿಟ್ಟು ಅಜ್ಜಿಗೆ ಹೋಯಿತು. ಪಟ ಪಟ, ಪಟ ಪಟ. ಅಜ್ಜಿ ರೊಟ್ಟಿ ತಟ್ಟಿ ಕೊಟ್ಟಳು.

ರೊಟ್ಟಿ ಕಾಗೆಗೆ ಹೋಯಿತು. ಕಾಗೆ ಮರಿ ಮೆತ್ತನೆ ರೊಟ್ಟಿ ತಿಂದಿತು. ಕಾಗೆ ಪ್ಲಗ್ಗು ಕೊಟ್ಟಿತು. ಕುಂಕುಮ ಇನ್ನೂ ಹಾಗೇ ಇತ್ತು.

ಪ್ಲಗ್ಗು ಕೆಂಚನಿಗೆ ಹೋಯಿತು. ಸೆರಗಲ್ಲಿ ಒರೆಸಿದಳು. ಮೊದಲು ಕೈಯಲ್ಲಿ ಮೆಲ್ಲಗೆ ತಿರುಗಿಸಿದಳು. ಆಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದಳು. ಟಪ್! ವೈರಿನ ಟೋಪಿ ಹಾಕಿದಳು. ಕೀಲಿ ತಿರುಗಿಸಿದಳು.

ಕೆಂಚ ಕೆಮ್ಮಿದನೇ? ಕೆಮ್ಮಲಿಲ್ಲ. ಗುರ್ರ್ರ್! ಅಂದ. ದುಂಡಕ್ಕನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

“ದುಂಡಕ್ಕ, ದುಂಡಕ್ಕ, ತಡೆಯಕ್ಕಾಗ್ತಿಲ್ಲ. ಅರಳೋಣವೇ?”

“ತಾಳಿ ಮೊಗ್ಗುಗಳಾ, ಇನ್ನೊಂಚೂರು ತಾಳಿ!”

ಕೆಂಚ ಪೇಟೆಗೆ ಹೋದ. ಬಾಗಿಲಲ್ಲೇ ಇದ್ದಳು ಅಂಬುಜಿ. “ದೊಡ್ಡಮ್ಮ ಬಂತು! ದೊಡ್ಡಮ್ಮ ಬಂತು!”

ಮೊಗ್ಗು ಅಂಬುಜಿಗೆ ಹೋಯಿತು. ದುಂಡಕ್ಕ ಸೂಜಿ ತಗೊಂಡಳು. ಒಂದೊಂದೇ ಮೊಗ್ಗು ಪೋಣಿಸಿದಳು. ಜಡೆಯ ಮೇಲಿಂದ ಕೆಳಗಿನವರೆಗೂ ಸಾಲು ಸಾಲಾಗಿ ಹೊಲಿದಳು. ಜಡೆ ಇದ್ದದ್ದೇ ಮೋಟುದ್ದ. ಆದರೂ ಅಂಬುಜಿ ಅದನ್ನು ಹಿಂದೆ ಮುಂದೆ ಬೀಸಿ ಬೀಸಿ ನೋಡಿದಳು.

ದುಂಡಕ್ಕ ಬಗ್ಗಿ ಜಡೆಯ ಕಿವಿಯಲ್ಲಿ ಹೇಳಿದಳು. “ಮೊಗ್ಗುಗಳಾ, ಇನ್ನು ಅರಳಿ.”

ಒಂದು ಅರಳಿತು. ಇನ್ನೊಂದು ಅರಳಿತು. ಎಲ್ಲವೂ ಅರಳಿದವು. ಮನೆ ತುಂಬ ಘಮ ಘಮ.

ಕೆಂಚ ಹೊರಗೆ ಸುಮ್ಮನೆ ನಿದ್ದೆ ಮಾಡುತ್ತಿದ್ದ. ನೀವೂ ಹ್ಞೂಂ ಅನ್ನುವುದು ನಿಲ್ಲಿಸಿ. ಗಾಡಿ ಮನೆ ಮುಟ್ಟಿದೆ.