ಶೃಂಗಾರಯ್ಯನ ಹೊಗೆಬುಟ್ಟಿ

ಹೊನ್ನೆಕಾಡಿನ ನಡುವೆ ಒಂದು ದೊಡ್ಡ ಕೊಳ. ಕೊಳದ ಆಚೆ ದಡದಲ್ಲಿ ಬೆಳ್ಳಗಿನ ಒಂದು ಹಾಸುಬಂಡೆ. ಅದರ ಹೆಸರು ಜೇನುಗಲ್ಲು. ಅದು ಎಲ್ಲಿದೆ ಎಂದು ಮಾತ್ರ ಕೇಳಬೇಡಿ ಮಕ್ಕಳೇ, ದಾರಿ ಹೇಳಿಕೊಟ್ಟರೆ ನೀವು ಇವತ್ತೇ ಶಾಲೆ ತಪ್ಪಿಸಿ ಹೊರಡುತ್ತೀರಿ.

ಪ್ರತಿ ವರ್ಷ ಮುತ್ತುಗದ ಹೂ ಅರಳಿದಾಗ ಆ ಬಂಡೆಯ ಮೇಲೆ ಹಾಡುಹಬ್ಬ. ಹಾಡುವವರು ಹಾಡುತ್ತಿದ್ದರು, ಕುಣಿಯುವವರು ಕುಣಿಯುತ್ತಿದ್ದರು. ಶ್ರುತಿ ಹಿಡಿಯುವ ಕೆಲಸ ಬಂಡೆಯ ಅಂಚಿಗೆ ಗೂಡು ಕಟ್ಟಿದ್ದ ಹೆಜ್ಜೇನುಗಳದ್ದು. ಏಳು ಗೂಡುಗಳು ಒಟ್ಟಿಗೆ "ಝುಂ" ಎಂದರೆ ಕಪ್ಪೆಯ ಗಂಟಲೂ ಇಂಪಾಗುತ್ತಿತ್ತು. ಜೇನು ಶ್ರುತಿ ಕೊಡದೆ ಯಾರೂ ಬಾಯಿ ತೆರೆಯುವಂತಿಲ್ಲ. ಅದು ಅಲ್ಲಿನ ಕಟ್ಟುಪಾಡು.

ಈಚೆ ದಡದವರೆಲ್ಲ ಹಬ್ಬಕ್ಕೆ ಹೋಗುತ್ತಿದ್ದದ್ದು ಆನೆ ದೊಡ್ಡಕ್ಕನ ಬೆನ್ನ ಮೇಲೆ. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಬಂಡೆ ಸಿಗುತ್ತಿತ್ತು. ಮುಳ್ಳುಹಂದಿ ಮುಳ್ಳಪ್ಪನಿಗೆ ಮಾತ್ರ ಕೊನೆಯ ಜಾಗ. ಯಾಕೆ ಎಂದು ನಾನು ಹೇಳಬೇಕಾಗಿಲ್ಲ.

ಒಬ್ಬನೇ ಒಬ್ಬ ಆ ಬೆನ್ನು ಹತ್ತುತ್ತಿರಲಿಲ್ಲ. ಅವನೇ ಕೆಂದಳಿಲು ಶೃಂಗಾರಯ್ಯ. ಕಾಡಿನಲ್ಲೇ ಹೆಸರಾದ ನರ್ತಕ. ಮೈಗಿಂತ ಉದ್ದದ ಬಾಲ, ಬಾಲಕ್ಕಿಂತ ಉದ್ದದ ಜಂಬ. ಪ್ರತಿ ವರ್ಷ ಮರದಿಂದ ಮರಕ್ಕೆ ಹಾರುತ್ತಾ ಒಬ್ಬನೇ ಹೋಗುತ್ತಿದ್ದ. ಈ ವರ್ಷ ಅದೂ ಬೇಡವಾಯಿತು.

"ಹಾರಿದರೆ ಬಾಲ ಕೆದರುತ್ತದೆ. ನಾನು ಆಕಾಶದಿಂದ ಇಳಿಯಬೇಕು. ಎಲ್ಲರೂ ಕತ್ತೆತ್ತಿ ನೋಡಬೇಕು!" ಎಂದ.

ಎಲೆ ಹೊಲಿಯುವುದರಲ್ಲಿ ಪಳಗಿದ ಟುವ್ವಿಹಕ್ಕಿ ಚಿನ್ನಾರಿಯನ್ನು ಕರೆಸಿದ. "ತೇಗದ ಎಲೆಗಳಿಂದ ಬೆಟ್ಟದಷ್ಟು ದೊಡ್ಡ ಚೀಲ ಹೊಲಿದುಕೊಡು. ಈ ಸಲ ನಿನಗೂ ಹಾಡಲು ಅವಕಾಶ ಕೊಡಿಸುತ್ತೇನೆ" ಎಂದ. ಪಾಪ, ಚಿನ್ನಾರಿಗೆ ಆ ಬಂಡೆಯ ಮೇಲೆ ಒಮ್ಮೆ ಹಾಡಬೇಕೆಂದು ಎಷ್ಟು ವರ್ಷದ ಆಸೆ! ಕೊಕ್ಕು ನೋಯುವವರೆಗೆ ಹೊಲಿದಳು.

ಚೀಲದ ಕೆಳಗೆ ಒಂದು ಮಡಕೆ, ಮಡಕೆಯಲ್ಲಿ ಧಗಧಗ ಉರಿಯುವ ಮರದ ಅಂಟು, ಅದರ ಕೆಳಗೆ ಬುಟ್ಟಿ. ಬಿಸಿಗಾಳಿ ತುಂಬಿದ ಚೀಲ ಮೇಲೇರಿತು. ಉರಿ ಹಾಕಲು ಒಂದು ಕೋತಿ. ಬೆಂಕಿ ಎಲ್ಲಿಂದ ಬಂತು ಎಂದಿರಾ? ಕೋತಿಯನ್ನೇ ಕೇಳಿ, ನನಗೆ ಹೇಳಲಿಲ್ಲ.

ಹಬ್ಬದ ಬೆಳಿಗ್ಗೆ ದೊಡ್ಡಕ್ಕ ಕರೆದಳು, "ಶೃಂಗಾರಯ್ಯ, ಬಾರೋ, ಇನ್ನೂ ಒಬ್ಬರಿಗೆ ಜಾಗ ಇದೆ. ನಿನ್ನೊಬ್ಬನಿಗೋಸ್ಕರ ಇಷ್ಟು ಹೊಗೆಯೇನೋ?"

"ಅಯ್ಯೋ ದೊಡ್ಡಕ್ಕ, ಆಕಾಶ ಅಷ್ಟು ದೊಡ್ಡದಿದೆ! ನನ್ನ ಹೊಗೆ ಯಾವ ಮೂಲೆಗೆ? ಬೇಕಾದರೆ ಹಬ್ಬ ಮುಗಿದ ಮೇಲೆ ಎರಡು ಬೀಜ ಹೂಳುತ್ತೇನೆ, ಸರಿಹೋಗುತ್ತದೆ."

"ಬೀಜ ಮರವಾಗುವ ತನಕ ನಾವು ಉಸಿರು ಹಿಡಿದುಕೊಂಡು ಕೂರಬೇಕೇನೋ?" ಎಂದು ಮುಳ್ಳಪ್ಪ ಕೇಳಿದ. ಎಲ್ಲರೂ ಗೊಳ್ಳೆಂದು ನಕ್ಕರು.

ದೊಡ್ಡಕ್ಕ ಹೊರಟಳು. ಹೊಗೆಬುಟ್ಟಿಯೂ ಏರಿತು. ಅರ್ಧ ಕೊಳ ದಾಟಿದ ಮೇಲೆ ಶೃಂಗಾರಯ್ಯನಿಗೆ ಹೂಮಾಲೆ ಮರೆತದ್ದು ನೆನಪಾಯಿತು. ಬುಟ್ಟಿ ತಿರುಗಿ ಬಂತು. ಮಾಲೆ ಹಾಕಿಕೊಂಡು ಮತ್ತೆ ಹೊರಟ. ಆಮೇಲೆ ಬಾಚಣಿಗೆ ಬೇಕೆನಿಸಿತು. ಮತ್ತೆ ತಿರುಗು! ಒಂದು ದಾರಿಗೆ ಮೂರು ದಾರಿಯ ಉರಿ. ಹಾಗೆ ಹೊರಟವನು ಆ ದಿನ ಕುಣಿಯಬೇಕಿದ್ದ ನೃತ್ಯದ ಹೆಸರು ಗೊತ್ತೇ? "ತಂಗಾಳಿಯ ಮಹಿಮೆ."

ಇತ್ತ ಬಂಡೆಯ ಮೇಲೆ ಎಲ್ಲರೂ ಸೇರಿದ್ದರು. ಜೇನುಗಳು "ಝುಂ" ಎಂದು ಶ್ರುತಿ ಹಿಡಿದವು. ಚಿನ್ನಾರಿ ರೆಕ್ಕೆ ಸರಿಮಾಡಿಕೊಂಡು ಕೊಕ್ಕು ತೆರೆದಳು. ಅಷ್ಟರಲ್ಲಿ ತಲೆಯ ಮೇಲೆ ಹೊಗೆಬುಟ್ಟಿ!

ಕಪ್ಪು ಹೊಗೆ ಬಂಡೆಯ ಮೇಲೆಲ್ಲ ಕವಿಯಿತು. ಹೊಗೆ ಎಂದರೆ ಜೇನಿಗೆ ಆಗದು. ಏಳೂ ಗೂಡುಗಳ ಜೇನು ಒಮ್ಮೆಲೇ ಎದ್ದು ದೂರದ ಹಿಪ್ಪೆ ಮರ ಸೇರಿತು. ಶ್ರುತಿ ನಿಂತುಹೋಯಿತು. ಕೆಮ್ಮು ಬಿಟ್ಟರೆ ಬೇರೆ ಸದ್ದೇ ಇಲ್ಲ.

ಬುಟ್ಟಿಯಿಂದ ಶೃಂಗಾರಯ್ಯ ಠೀವಿಯಿಂದ ಇಳಿದ. ಎಲ್ಲರೂ ನೋಡಿದರು, ನಿಜ. ಆದರೆ ಗುರುತು ಹಿಡಿಯಲಿಲ್ಲ.

"ಇದ್ಯಾರಪ್ಪ, ಬಾಲ ಬಂದ ಕಾಗೆ?" ಎಂದಿತು ಕಪ್ಪೆ.

ಮಡಕೆಯ ಮಸಿಯೆಲ್ಲ ಅವನ ಮೇಲೆ ಸುರಿದಿತ್ತು. ಅವನು ನಡೆದಲ್ಲೆಲ್ಲ ಬಿಳಿ ಬಂಡೆಯ ಮೇಲೆ ಕಪ್ಪು ಹೆಜ್ಜೆ. ಆದರೂ ಸೋಲದೆ "ತಂಗಾಳಿಯ ಮಹಿಮೆ!" ಎಂದು ಕಾಲೆತ್ತಿದ. ಶ್ರುತಿ ಇಲ್ಲದೆ ಕಾಲು ಎತ್ತ ಇಡಬೇಕೆಂದು ತಿಳಿಯಲಿಲ್ಲ. ಮುಗ್ಗರಿಸಿ ಬಿದ್ದ. ಯಾರೂ ನಗಲಿಲ್ಲ.

ಬಿದ್ದಲ್ಲಿಂದಲೇ ಅವನಿಗೆ ಚಿನ್ನಾರಿ ಕಂಡಳು. ಕೊಕ್ಕು ಇನ್ನೂ ತೆರೆದೇ ಇತ್ತು. ಕಣ್ಣಲ್ಲಿ ನೀರು ತುಂಬಿತ್ತು.

"ನಾನೇ ಹೊಲಿದ ಚೀಲ," ಎಂದಳು ಮೆಲ್ಲಗೆ, "ನನ್ನ ಹಾಡನ್ನೇ ನುಂಗಿತು."

ಶೃಂಗಾರಯ್ಯನಿಗೆ ನಾಚಿಕೆಯಾಯಿತು. ಹಿಂದೆ ತಿರುಗಿ ನೋಡಿದ. ಮಸಿಹೆಜ್ಜೆಗಳ ಸಾಲು ನೇರ ಬುಟ್ಟಿಯಿಂದ ಅವನ ಕಾಲಿನವರೆಗೆ ಬಂದಿತ್ತು. ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ.

"ದೊಡ್ಡಕ್ಕ, ಮೊದಲು ಆ ಬೆಂಕಿ ಆರಿಸು" ಎಂದ.

ದೊಡ್ಡಕ್ಕ ಸೊಂಡಿಲು ತುಂಬ ನೀರೆಳೆದು ಮಡಕೆಗೆ ಬಿಟ್ಟಳು. ಅರ್ಧ ನೀರು ಶೃಂಗಾರಯ್ಯನ ಮೇಲೂ ಬಿತ್ತು. ಬೇಕೆಂದೇ ಬಿಟ್ಟಳು ಎಂದು ನನ್ನ ಅನುಮಾನ.

"ಬೆಂಕಿ ಆರಿತು, ಈ ಹೊಗೆ ಓಡಿಸುವುದು ಹೇಗೆ?" ಎಂದ ಮುಳ್ಳಪ್ಪ.

ಶೃಂಗಾರಯ್ಯ ಚೀಲವನ್ನೇ ನೋಡಿದ. "ಚಿನ್ನಾರಿ, ಹೊಲಿಗೆ ಬಿಚ್ಚುತ್ತೀಯಾ?"

"ನಿನ್ನ ಆಕಾಶದ ಸವಾರಿ?"

"ಹಾಳಾಗಲಿ ಬಿಡು!"

ಚಿನ್ನಾರಿ ಒಂದು ನೂಲು ಎಳೆದಳು. ಚೀಲ ಸರಸರ ಬಿಚ್ಚಿಕೊಂಡು ಎಲೆ ಎಲೆಯಾಯಿತು. ಒಬ್ಬನಿಗಾಗಿ ಹೊಲಿದ ಚೀಲದಲ್ಲಿ ಎಲ್ಲರಿಗೂ ಒಂದೊಂದು ಬೀಸಣಿಗೆ! ಮೊಲ ಬೀಸಿತು, ಕೋತಿ ಬೀಸಿತು, ದೊಡ್ಡಕ್ಕ ಎಲೆಯ ಜೊತೆಗೆ ಕಿವಿಯನ್ನೂ ಬೀಸಿದಳು. ಶೃಂಗಾರಯ್ಯ ತನ್ನ ಮುದ್ದಿನ ಬಾಲದಿಂದ ಬಂಡೆ ಗುಡಿಸಿದ. ಕೆದರಿದರೆ ಕೆದರಲಿ!

ಬಿಸಿಲು ಇಳಿಯುವ ಹೊತ್ತಿಗೆ ಗಾಳಿ ತಿಳಿಯಾಯಿತು. ಒಂದು ಜೇನು ಬಂದು ಮೂಸಿ ನೋಡಿ ಹೋಯಿತು. ಆಮೇಲೆ ಏಳೂ ಗೂಡಿನ ಜೇನು ಹಿಂತಿರುಗಿತು.

"ಝುಂ..."

ಚಿನ್ನಾರಿ ಹಾಡಿದಳು. ಅಂಗೈಯಷ್ಟೂ ಇಲ್ಲದ ಹಕ್ಕಿಯ ಹಾಡಿಗೆ ಕೊಳದ ಎರಡೂ ದಡಗಳು ತಲೆದೂಗಿದವು. ಶೃಂಗಾರಯ್ಯ ಕುಣಿಯಲಿಲ್ಲ. ಕೂತು ತಾಳ ಹಾಕಿದ.

ಮರಳುವಾಗ ಅವನೂ ದೊಡ್ಡಕ್ಕನ ಬೆನ್ನು ಹತ್ತಿದ. ಉಳಿದಿದ್ದದ್ದು ಮುಳ್ಳಪ್ಪನ ಪಕ್ಕದ ಜಾಗ. ದಾರಿಯುದ್ದಕ್ಕೂ ಹಾಡು, ತಮಾಷೆ, ಬೋರೆಹಣ್ಣಿನ ಪೊಟ್ಟಣ. ಕುಲುಕಿದಾಗಲೆಲ್ಲ ಒಂದು ಮುಳ್ಳು ಚುಚ್ಚುತ್ತಿತ್ತು. "ಅಯ್ಯೋ!" ಎನ್ನುತ್ತಲೇ ಶೃಂಗಾರಯ್ಯ ನಗುತ್ತಿದ್ದ.

"ದೊಡ್ಡಕ್ಕ, ಇಷ್ಟು ವರ್ಷ ಅರ್ಧ ಹಬ್ಬ ನನ್ನ ಕೈತಪ್ಪಿತ್ತಲ್ಲ!" ಎಂದ.

ಮರುದಿನ ಅವನು ಬೀಜ ಹೂಳಿದ. ಎರಡಲ್ಲ, ಲೆಕ್ಕವಿಲ್ಲದಷ್ಟು. ಜೇನುಗಲ್ಲಿನ ಮೇಲಿನ ಮಸಿಹೆಜ್ಜೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಈಗಲೂ ಹಬ್ಬಕ್ಕೆ ಬರುವ ಮರಿಗಳು ಅದರ ಮೇಲೆ ಕಾಲಿಟ್ಟು ಅಳತೆ ನೋಡುತ್ತವೆ. ಪಕ್ಕದಲ್ಲೇ ನಿಂತು ಕತೆ ಹೇಳುವವನು ಶೃಂಗಾರಯ್ಯನೇ.

ನೀತಿ: ಒಬ್ಬನ ಮೆರೆದಾಟಕ್ಕೆ ಎಲ್ಲರ ಗಾಳಿಯನ್ನು ಕೆಡಿಸಬಾರದು, ಕೂಡಿ ಹೊರಟವರಿಗೆ ಹಬ್ಬ ದಾರಿಯಲ್ಲೇ ಶುರುವಾಗುತ್ತದೆ.